ಕೆಳಗಿನೂರಿಗೆ ಹೋದ ಹುಡುಗ

ಮಗ ಸಿನಿಮಾ ತೆಗೆದಿದ್ದಾನೆ ಅಂತ ಊರೆಲ್ಲ ಹೇಳಿಕೊಂಡು ತಿರುಗಬೇಕಾದ ಮುನಿಲಕ್ಷ್ಮಿ, ಒಂದು ವಾರದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಬೆಳಿಗ್ಗೆ ಡೇರಿಗೆ ಹಾಲು ಹಾಕೋಕೆ ಹೋದಾಗ ಯಾರಾದರೂ "ಏನಮ್ಮಾ, ನಿನ್ ಮಗನ ಪಿಕ್ಚರ್ ಬಂದೈತಂತೆ?" ಅಂದರೆ, "ಹೂಂ, ಬಂದೈತೆ" ಅಂದು ಕ್ಯಾನು ಎತ್ತಿಕೊಂಡು ದಡದಡ ಮನೆಗೆ ಬಂದುಬಿಡುವಳು. ಜನಕ್ಕೇನು, ಆಡಿಕೊಳ್ಳೋದಕ್ಕೆ ಸುಂಕ ಕಟ್ಟಬೇಕಾ? ಮಗ ದೊಡ್ಡೋನಾದ, ಇವಳಿಗೆ ಕಣ್ಣು ನೆತ್ತಿಗೇರಿದೆ ಅಂದುಕೊಂಡರು.

ಪಾಪ, ಅವಳ ಸಂಕಟವೇ ಬೇರೆ. ಹಿಂದಿನ ಭಾನುವಾರ ಮಗ ನಂದೀಶ ಫೋನ್ ಮಾಡಿದವನು ಹಸುವಿನ ಯೋಗಕ್ಷೇಮ ಕೇಳಿದ, ಮಳೆ ವಿಚಾರಿಸಿದ, ಅಪ್ಪನ ಮಂಡಿನೋವು ವಿಚಾರಿಸಿದ. ಇವನು ಇಷ್ಟೆಲ್ಲ ಕೇಳುವ ಗಿರಾಕಿ ಅಲ್ಲವಲ್ಲ ಅಂತ ಅವಳು ಅನ್ನುವಷ್ಟರಲ್ಲಿ ವಿಷಯಕ್ಕೆ ಬಂದ.

"ಅಮ್ಮಾ, ಬೈಬೇಡ. ನಾನು ಚಿಕ್ಕೋನಿದ್ದಾಗ ನೀನು ಊಟ ಮಾಡಿಸ್ತಾ ಒಂದು ಕತೆ ಹೇಳ್ತಿದ್ದೆ ನೋಡು, ಗಂಗಾಧರ ಮಾಮಂದು. ನನ್ ಸಿನಿಮಾ ಅದೇನೇ."

"ಅದೇನೇ ಅಂದ್ರೆ?"

"ಹಗೇವಿನ ಕೆಳಗಿನ ಊರು. ಹೆಸರೂ 'ಕೆಳಗಿನೂರು' ಅಂತ್ಲೇ ಇಟ್ಟಿದೀನಿ. ನೀನೂ ಅಪ್ಪನೂ ಬನ್ನಿ. ಅಜ್ಜೀನ ಮಾತ್ರ ಕರ್ಕೊಂಡು ಬರ್ಬೇಡ."

ಒಲೆ ಮುಂದೆ ನಿಂತಿದ್ದವಳಿಗೆ ಮುದ್ದೆಯ ಹಿಟ್ಟು ತಳ ಹತ್ತಿ ಮನೆಯೆಲ್ಲ ಕಮಟು ವಾಸನೆ ಆದಾಗಲೇ ಎಚ್ಚರವಾದದ್ದು.

ಗಂಗಾಧರ ಅವಳ ಅಣ್ಣ. ಅವನ ವಿಷಯ ಹೇಳಬೇಕಾದರೆ ಹಗೇವಿನ ವಿಷಯ ಹೇಳಬೇಕು. ಕ್ಯಾಲನೂರಿನ ಕಡೆಯ ಅವರ ಊರಿನಲ್ಲಿ ಈಗ ಯಾರ ಮನೆಯಲ್ಲೂ ಹಗೇವಿಲ್ಲ, ಇದ್ದವನ್ನೆಲ್ಲ ಮುಚ್ಚಿ ಮೇಲೆ ಸಿಮೆಂಟ್ ಬಳಿದಿದ್ದಾರೆ. ಆಗ ಇದ್ದವು. ಮನೆ ಮುಂದೆ ನೆಲ ತೋಡಿ, ಬಾಯಿ ಚಿಕ್ಕದು ಹೊಟ್ಟೆ ದೊಡ್ಡದು ಮಾಡಿ, ಒಳಗೆ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತೋರು. ವರ್ಷ ಕಳೆದರೂ ಒಂದು ಹುಳ ಬೀಳದು. ಆದರೆ ಚಪ್ಪಡಿ ತೆಗೆದ ಕೂಡಲೇ ಯಾರೂ ಇಳಿಯೋ ಹಾಗಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತೆ, ನಿಂತ ಕಾಲಲ್ಲೇ ಉಸಿರು ಕಟ್ಟುತ್ತೆ. ಬಾಯಿ ತೆರೆದು ಬಿಡಬೇಕು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಕೆಳಗೆ ಬಿಡಬೇಕು. ದೀಪ ಉರಿದರೆ ಇಳಿ, ಆರಿದರೆ ಇಳಿಯಬೇಡ. ನಡೆಯೋಕೆ ಕಲಿತ ಕೂಸಿಗೂ ಮೊದಲು ಇದನ್ನೇ ಹೇಳಿಕೊಡೋರು.

ಒಂಬತ್ತು ವರ್ಷದ ಗಂಗಾಧರನಿಗೂ ಹೇಳಿಕೊಟ್ಟಿದ್ದರು. ಅವತ್ತು ಚಪ್ಪಡಿ ತೆಗೆಸಿ, ಅವ್ವ ಆಂಜಿನಮ್ಮ ದೀಪ ತರೋಕೆ ಅಂತ ಒಳಕ್ಕೆ ಹೋದಳು. ಆ ಗಳಿಗೆಯಲ್ಲಿ ಗೋಲಿ ಉರುಳಿ ಬಿತ್ತೋ, ಒಳಗೇನಿದೆ ನೋಡೋಣ ಅನ್ನಿಸಿತೋ, ದೇವರೇ ಬಲ್ಲ. ಅವಳು ದೀಪ ಹಚ್ಚಿಕೊಂಡು ಬರೋ ಹೊತ್ತಿಗೆ ಹುಡುಗ ಕೆಳಗಿದ್ದ.

ಅಲ್ಲಿಂದ ಈಚೆಗೆ ಆಂಜಿನಮ್ಮನ ಬಾಯಲ್ಲಿ ಆ ಹೆಸರು ಬಂದದ್ದನ್ನು ಕೇಳಿದವರಿಲ್ಲ. ಅವಳು ಹೇಳದ ಮೇಲೆ ಬೇರೆಯವರಿಗೂ ಹೇಳುವ ಧೈರ್ಯ ಬರಲಿಲ್ಲ. ಗಂಡ ತೀರಿಕೊಂಡ, ಮಗಳು ದೊಡ್ಡವಳಾದಳು, ಗಂಡು ದಿಕ್ಕಿಲ್ಲದ ಮನೆ ಅಂತ ಮುಳಬಾಗಿಲು ಕಡೆಯಿಂದ ಕೋದಂಡರಾಮಪ್ಪನನ್ನು ಮನೆಅಳಿಯನಾಗಿ ತಂದುಕೊಂಡರು. ತನಗೊಬ್ಬ ಭಾವಮೈದುನ ಇದ್ದ ಅನ್ನೋದು ಆ ಪುಣ್ಯಾತ್ಮನಿಗೆ ಗೊತ್ತಾದದ್ದು ಮದುವೆಯಾಗಿ ವರ್ಷ ತುಂಬಿದ ಮೇಲೆ, ಅದೂ ಪಕ್ಕದ ಮನೆ ರಾಮಲಕ್ಷ್ಮಮ್ಮನ ಬಾಯಿಂದ!

ಆದರೆ ಹೆಸರು ಅನ್ನೋದು ಎಷ್ಟು ದಿನ ಗಂಟಲಲ್ಲಿ ಕೂತಿರುತ್ತೆ? ನಂದೀಶ ಹುಟ್ಟಿದ. ತುತ್ತು ನುಂಗೋಕೆ ಮಹಾ ತಕರಾರಿನ ಮಗು. ಒಂದು ದಿನ ಮುನಿಲಕ್ಷ್ಮಿ ಅವ್ವ ಹಿತ್ತಿಲಲ್ಲಿರೋದು ನೋಡಿಕೊಂಡು, ದನಿ ತಗ್ಗಿಸಿ ಶುರುಮಾಡಿದಳು. "ನಿಂಗೊಬ್ಬ ಮಾಮ ಅವ್ನೆ ಕಣೋ. ಹಗೇವಿನ ಕೆಳಗೆ ಒಂದೂರೈತೆ, ಅಲ್ಲಿ ರಾಗಿ ಪೈರು ತೆಂಗಿನ ಮರದಷ್ಟು ಎತ್ತರ. ದೊಡ್ಡೋರು ಒಬ್ರೂ ಇಲ್ಲ, ಎಲ್ಲಾ ಮಕ್ಳೇ. ಗಂಗಾಧರ ಮಾಮಾನೇ ರಾಜ." ಮಗು ಬಾಯಿ ತೆರೆಯಿತು, ಇವಳು ತುತ್ತಿಟ್ಟಳು. ಅವತ್ತಿನಿಂದ ಆ ಊರು ತುತ್ತಿಗಿಷ್ಟು ಬೆಳೆಯಿತು. ಮಗನ ಹೊಟ್ಟೆಯೂ ತುಂಬುತ್ತಿತ್ತು, ಇವಳ ಹೊಟ್ಟೆಯ ಉರಿಯೂ ಆರುತ್ತಿತ್ತು. ಅವ್ವನ ಹೆಜ್ಜೆ ಸದ್ದು ಕೇಳಿದರೆ ಮಾತ್ರ ರಾಜನೂ ಇಲ್ಲ, ಊರೂ ಇಲ್ಲ, "ನುಂಗೋ ಬೇಗ" ಅಷ್ಟೇ.

ಈಗ ಅದೇ ಕತೆ ಕೋಲಾರದ ಟಾಕೀಸಿನಲ್ಲಿ ಗೋಡೆಯಷ್ಟು ದೊಡ್ಡದಾಗಿ ಕಾಣುತ್ತೆ ಅಂದರೆ! ಸತ್ತ ಮಗನನ್ನು ಕಟ್ಟುಕತೆ ಮಾಡಿಕೊಂಡು ಅನ್ನ ತಿನ್ನಿಸಿದೆಯಾ ಅಂತ ಅವ್ವ ಕೇಳಿದರೆ ಏನು ಹೇಳೋದು? ಕೇಳದೆ ಸುಮ್ಮನೆ ಎದೆ ಹಿಡಿದುಕೊಂಡು ಕೂತರೆ? ಎಂಬತ್ತು ದಾಟಿದ ಜೀವ.

ಮುಚ್ಚಿಡೋಕೆ ನೋಡಿದಳು. ಆದರೆ ರಾಮಲಕ್ಷ್ಮಮ್ಮ ಅನ್ನೋ ಹೆಂಗಸು ಪಕ್ಕದ ಮನೆಯಲ್ಲಿರುವಾಗ ಗುಟ್ಟು ಅನ್ನೋದು ಉಳಿಯುತ್ತಾ? ಶನಿವಾರ ಸಂಜೆ ಜಗಲಿ ಮೇಲೆ ಕೂತು, "ಆಂಜಿನಕ್ಕಾ, ನಾಳೆ ನಿನ್ ಮೊಮ್ಮಗನ ಸಿನಿಮಾಗೆ ಟೆಂಪೋ ಮಾಡವ್ರೆ. ಬೆಳಗಿನ ಹಾಲು ಹಾಕಿ ಹೊರಟರೆ ಸಂಜೆ ಹಾಲಿನ ಹೊತ್ತಿಗೆ ವಾಪಸ್ಸು. ಯಾವ ಸೀರೆ ಉಡ್ತೀಯಾ?" ಅಂದುಬಿಟ್ಟಳು.

"ಹಸ್ರುದು," ಅಂದಳು ಆಂಜಿನಮ್ಮ. ಮುಗಿಯಿತು.

"ಅವ್ವಾ, ಟಾಕೀಸಲ್ಲಿ ಕತ್ತಲು. ನಿಂಗೆ ಕಣ್ಣು ಕಾಣಲ್ಲ," ಅಂದಳು ಮುನಿಲಕ್ಷ್ಮಿ.

"ಸಿನಿಮಾ ಎಲ್ಲಾರ್ಗೂ ಕತ್ಲೇಲೇ ತೋರ್ಸೋದು ಕಣೇ, ನನ್ನೊಬ್ಬಳಿಗೇನಲ್ಲ."

"ಸೌಂಡು ಜಾಸ್ತಿ ಇರ್ತದೆ."

"ನಂಗೆ ಕಿವಿ ಮಂದ. ಸರಿಹೋಯ್ತಲ್ಲ!"

ಮುನಿಲಕ್ಷ್ಮಿ ಗಂಡನ ಮುಖ ನೋಡಿದಳು. ಕೋದಂಡರಾಮಪ್ಪ ಮನೆಅಳಿಯನಾಗಿ ಬಂದ ದಿನದಿಂದ ಅತ್ತೆಯ ಮಾತಿಗೆ ಎದುರಾಡಿದ ಆಸಾಮಿಯೇ ಅಲ್ಲ. "ಬರ್ಲಿ ಬಿಡೇ. ನಾವಿದೀವಲ್ಲ," ಅಂದ. ಇವನಿದ್ದು ಏನು ಮಾಡೋದು, ನನ್ನ ಕರ್ಮ, ಅಂದುಕೊಂಡಳು.

ಟಾಕೀಸಿನಲ್ಲಿ ಊರಿನವರೇ ಎರಡು ಸಾಲು ತುಂಬಿದರು. ಹಿಂದಿನ ಸಾಲುಗಳಲ್ಲಿ ಕಾಲೇಜು ಹುಡುಗ ಹುಡುಗಿಯರು. ಮುನಿಲಕ್ಷ್ಮಿ ಅವ್ವನನ್ನು ತನಗೂ ಗಂಡನಿಗೂ ಮಧ್ಯೆ ಕೂರಿಸಿಕೊಂಡಳು. ಪರದೆಯ ಮೇಲೆ ಮೊದಲು ಬಂಡೆಗಳು ಬಂದವು. "ಲೇ, ಟೇಕಲ್ ಬೆಟ್ಟ ಕಣ್ರೋ!" ಅಂತ ಯಾರೋ ಕೂಗಿದರು, ಎಲ್ಲರೂ ನಕ್ಕರು. ಆಮೇಲೆ ನಂದೀಶನ ಹೆಸರು ಬಂತು. ಕೋದಂಡರಾಮಪ್ಪ ಎದ್ದು ನಿಂತು ಕೈ ಮುಗಿದ. ಯಾರಿಗೆ ಮುಗಿದನೋ ಅವನಿಗೇ ಗೊತ್ತಿಲ್ಲ.

ಸಿನಿಮಾದಲ್ಲಿ ಒಬ್ಬ ಹುಡುಗ. ಅಪ್ಪ ಕುಡುಕ, ಮನೆಯಲ್ಲಿ ದಿನಾ ರಂಪ. ಹುಡುಗ ಮಂಚದ ಕೆಳಗೆ, ಹುಲ್ಲಿನ ಮೆದೆಯ ಹಿಂದೆ, ಎಲ್ಲಿ ಸಂದು ಸಿಕ್ಕರೆ ಅಲ್ಲಿ ಅಡಗುತ್ತಾನೆ. ಒಂದು ದಿನ ಅಪ್ಪ ದೊಣ್ಣೆ ಹಿಡಿದು ಹುಡುಕುತ್ತಿರುವಾಗ, ಹುಡುಗ ಮನೆ ಮುಂದಿನ ಹಗೇವಿನ ಚಪ್ಪಡಿಯನ್ನು ಜರುಗಿಸಿ ಕಾಲು ಇಳಿಬಿಟ್ಟ.

ಅಷ್ಟೇ. ಊರಿನ ಎರಡೂ ಸಾಲು ಎದ್ದು ನಿಂತವು.

"ಲೇ ಲೇ ಲೇ! ದೀಪ! ದೀಪ ಬಿಡೋ ಮೊದ್ಲು!"

"ಅಯ್ಯೋ ಮಗಾ, ಬೇಡ ಕಣೋ, ಗಾಳಿ ಕೆಟ್ಟಿರ್ತದೆ!"

ಕನ್ನಡದ ಮನೆಗೆ ಬಂದು ತೆಲುಗನ್ನೇ ಮರೆತಂತಿದ್ದ ಕೋದಂಡರಾಮಪ್ಪ, ಕುರ್ಚಿಯ ಬೆನ್ನು ಹಿಡಿದುಕೊಂಡು, "ಒರೇಯ್ ನಾಯನಾ, ದಿಗೊದ್ದು ರಾ!" ಇಳೀಬೇಡ ಅಂತ ತೆಲುಗಲ್ಲೇ ಕಿರುಚಿದ. ಹಿಂದಿನ ಸಾಲಿನ ಹುಡುಗರು ಬಿದ್ದು ಬಿದ್ದು ನಕ್ಕರು. ಹುಡುಗ ಇಳಿದೇಬಿಟ್ಟ.

ಮುನಿಲಕ್ಷ್ಮಿ ಅವ್ವನ ಕಡೆ ತಿರುಗಿದಳು. ಆಂಜಿನಮ್ಮ ಕೂಗಲಿಲ್ಲ, ಎದೆ ಹಿಡಿದುಕೊಳ್ಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಮುಂದಕ್ಕೆ ಬಾಗಿ ನೋಡುತ್ತಿದ್ದಳು. ಮುನಿಲಕ್ಷ್ಮಿ ಅವಳ ಕೈ ಹಿಡಿದುಕೊಂಡಳು. ಅವ್ವ ಆ ಕೈ ಕೊಡವಿ, "ಸುಮ್ನಿರೇ, ಅಡ್ಡ ಬರ್ಬೇಡ," ಅಂದಳು.

ಅಲ್ಲಿಂದ ಮುಂದೆ ಟಾಕೀಸು ಒಂದೇ, ಪರದೆ ಒಂದೇ, ನೋಡಿದ್ದು ಮಾತ್ರ ಎರಡು ಸಿನಿಮಾ. ಕೆಳಗೆ ಬಂಗಾರದ ಬಣ್ಣದ ರಾಗಿ ಪೈರು ತೆಂಗಿನ ಮರದಷ್ಟು ಎತ್ತರಕ್ಕೆ ತೂಗುತ್ತಿತ್ತು, ಮಕ್ಕಳು ತೆನೆಯ ಮೇಲೆ ಉಯ್ಯಾಲೆ ಆಡುತ್ತಿದ್ದವು. ಹಿಂದೆ ಕೂತವರು ಶಿಳ್ಳೆ ಹೊಡೆದರು. ಮುಂದೆ ಕೂತ ರಾಮಲಕ್ಷ್ಮಮ್ಮ ಮೂಗು ಒರೆಸಿಕೊಂಡು ಅಳುತ್ತಿದ್ದಳು. ಅವಳ ಲೆಕ್ಕದಲ್ಲಿ ದೀಪ ಬಿಡದೆ ಇಳಿದ ಹುಡುಗ ಇಳಿದಾಗಲೇ ಹೋದ, ಇನ್ನು ಇದೆಲ್ಲ ಏನಿದ್ದರೂ ಅವನ ಪ್ರಾಣ ಹೋಗೋ ಮುಂಚಿನ ಕನಸು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನೋದು ಇದಕ್ಕೇ.

ಆ ಊರಿಗೊಬ್ಬ ದೊರೆ ಇದ್ದ, ಮೈಯೆಲ್ಲ ರಾಗಿ ಹೊಟ್ಟು. ಇದು ಮಾತ್ರ ಮುನಿಲಕ್ಷ್ಮಿಯ ಕತೆಯಲ್ಲಿ ಇರಲಿಲ್ಲ, ಮಗನ ಸ್ವಂತ ಕಿತಾಪತಿ. ಹುಡುಗ ಕೆಳಗೇ ಉಳಿಯಬೇಕಾದರೆ ಆ ದೊರೆಗೆ ಆಗಾಗ ಏನಾದರೂ ಒಪ್ಪಿಸಬೇಕು. ಒಂದು ಸಲ ನೆರಳು ಕೊಟ್ಟ, ಒಂದು ಸಲ ನಗು ಕೊಟ್ಟ. ಮತ್ತೊಂದು ಸಲ ಹಸಿವು ಕೊಟ್ಟುಬಿಟ್ಟ. ಹೊಟ್ಟಿನ ದೊರೆ ಅದನ್ನು ಗಬಕ್ಕನೆ ನುಂಗಿ ಇಷ್ಟು ದಪ್ಪಗಾದ.

ಇಂಟರ್‌ವಲ್ ಬಿಟ್ಟಾಗ ಮುನಿಲಕ್ಷ್ಮಿ ಇದೇ ಸಮಯ ಅಂದುಕೊಂಡಳು. "ಅವ್ವಾ, ಸಾಕು ಬಾ. ಆಟೋ ಮಾಡ್ಕೊಂಡು ಮನೆಗೆ ಹೋಗಾಣ. ಸುಸ್ತಾಗಿದ್ದೀಯ."

ಆಂಜಿನಮ್ಮ ಖಾಲಿ ಪರದೆಯಿಂದ ಕಣ್ಣು ಕೀಳಲಿಲ್ಲ. "ಇರೇ," ಅಂದಳು. "ಹುಡ್ಗ ಆಚೆಗೆ ಬರ್ತಾನೇನೋ ನೋಡ್ಬೇಕು."

ಅವ್ವನಿಗೆ ಗೊತ್ತಾಗಿದೆ. ಯಾರ ಕತೆ ಅಂತ ಚೆನ್ನಾಗಿ ಗೊತ್ತಾಗಿದೆ. ಆ ಹುಡುಗ ಆಚೆಗೆ ಬರೋದಿಲ್ಲ ಅನ್ನೋದು ಮುನಿಲಕ್ಷ್ಮಿಗೆ ಗೊತ್ತು, ಅವಳ ಕತೆಯಲ್ಲಿ ಅವನು ಒಂದು ದಿನಕ್ಕೂ ಆಚೆ ಬಂದವನಲ್ಲ. ಮಗ ಏನಾದರೂ ಬದಲಾಯಿಸಿರಲಿ ದೇವರೇ ಅಂತ ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತಳು.

ಮಗ ಬದಲಾಯಿಸಿರಲಿಲ್ಲ. ಕೊನೆಯಲ್ಲಿ ಸಿನಿಮಾದ ತಾಯಿ ಲಾಟೀನು ಹಿಡಿದು ಹಗೇವಿನ ಬಾಯಿಗೆ ಬಂದು ಕೂಗಿದಳು. ಕೆಳಗೆ ಹುಡುಗನಿಗೆ ಕೇಳಿಸಿತು. ಅವನು ಮೇಲೆ ನೋಡಿದ. ಆ ಮುಖ ಪರದೆ ತುಂಬಾ ಬಂತು, ದೊಡ್ಡ ಕಣ್ಣು, ತುಸು ಮುಂದೆ ಬಂದ ಹಲ್ಲು, ಕಿವಿಯ ಹತ್ತಿರ ಮಣ್ಣು. ಎಷ್ಟೋ ಹೊತ್ತು ಹಾಗೇ ಇತ್ತು. ಆಮೇಲೆ ಹುಡುಗ ತಿರುಗಿ ರಾಗಿ ಹೊಲದೊಳಗೆ ನಡೆದುಹೋದ. ಚಪ್ಪಡಿ ಮುಚ್ಚಿಕೊಂಡಿತು, ದೀಪಗಳು ಹತ್ತಿದವು.

ಜನ ದಬದಬ ಎದ್ದರು. ಆಂಜಿನಮ್ಮ ಏಳಲಿಲ್ಲ. "ಎಲ್ಲಾ ಹೋಗ್ಲಿ, ನೂಕಾಡ್ತಾರೆ," ಅಂದಳು. ಅವಳ ಮುಖದಲ್ಲಿ ಏನಿದೆ ಅಂತ ಓದೋಕೆ ಮುನಿಲಕ್ಷ್ಮಿಗೆ ಆಗಲಿಲ್ಲ. ಮಗನನ್ನಾದರೂ ಕರೆಯೋಣ ಅಂತ ಬಾಗಿಲಿಗೆ ಬಂದಳು.

ಆಚೆ ದೊಡ್ಡ ಪಂಚಾಯಿತಿಯೇ ನಡೆದಿತ್ತು. ಯೂಟ್ಯೂಬಿನ ಹುಡುಗಿಯೊಬ್ಬಳು ಮೈಕು ಹಿಡಿದು, ಸಿನಿಮಾ ಹೇಗಿತ್ತು ಅಂತ ಸಿಕ್ಕಸಿಕ್ಕವರನ್ನು ಕೇಳುತ್ತಿದ್ದಳು. ಕಾಲೇಜಿನ ಇಬ್ಬರಲ್ಲಿ ಒಬ್ಬ, ಹುಡುಗ ಕೊನೆಗೆ ಸತ್ತ ಅಂದ. ಇನ್ನೊಬ್ಬ, ಸತ್ತಿಲ್ಲ, ರಾಜನಾದ ಅಂದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಮಧ್ಯೆ ನುಗ್ಗಿದ ರಾಮಲಕ್ಷ್ಮಮ್ಮ ಮೈಕನ್ನು ಕೈಗೇ ತೆಗೆದುಕೊಂಡಳು.

"ಅದೆಲ್ಲ ಇರ್ಲಿ. ದೀಪ ಬಿಡ್ದೆ ಹಗೇವಿಗೆ ಯಾರಾದ್ರೂ ಇಳೀತಾರಾ? ಅಷ್ಟು ಹೇಳಿ ನಂಗೆ!"

"ಅಜ್ಜೀ, ಅದು ಫ್ಯಾಂಟಸಿ," ಅಂದ ಕಾಲೇಜು ಹುಡುಗ.

"ಏನಾದ್ರೂ ಆಗ್ಲಪ್ಪ. ಫ್ಯಾಂಟಸಿಗೂ ಉಸ್ರು ಬೇಕಲ್ಲ!"

ಜನ ಗೊಳ್ಳೆಂದರು. ಕೋದಂಡರಾಮಪ್ಪನ ಮುಂದೆ ಮೈಕು ಬಂದಾಗ ಅವನು ಟವಲಿನಿಂದ ಮುಖ ಒರೆಸಿಕೊಂಡು, "ಚೆನ್ನಾಗೈತಮ್ಮಾ. ನನ್ ಮಗಾನೇ ತೆಗ್ದಿರೋದು," ಅಂದ. ಮೈಕನ್ನು ಮತ್ತೆ ಹತ್ತಿರ ಎಳೆದುಕೊಂಡು, "ಆ ಹುಡ್ಗನ ಅಪ್ಪ ಸರಿಯಿಲ್ಲ, ನಾನು ಹಂಗೇನಿಲ್ಲ. ಕುಡಿಯಲ್ಲ," ಅಂತ ಸೇರಿಸಿದ.

ನಂದೀಶ ಯಾರ ಹೊಗಳಿಕೆಯೂ ಕಿವಿಗೆ ಬೀಳದವನ ಹಾಗೆ ಕಂಬಕ್ಕೆ ಒರಗಿ ನಿಂತಿದ್ದ. ಅಮ್ಮನನ್ನು ಕಂಡದ್ದೇ ಓಡಿಬಂದ. "ಅಜ್ಜಿ ಬಂದವ್ರಂತೆ? ಯಾಕಮ್ಮ ಕರ್ಕೊಂಡು ಬಂದೆ? ಏನಂದ್ರು?"

"ಏನೂ ಅನ್ನಲಿಲ್ಲ. ಒಳಗೆ ಕೂತವ್ಳೆ. ಬಾ, ಕಾಲಿಗೆ ಬೀಳು."

ಒಳಗೆ ಕುರ್ಚಿಗಳೆಲ್ಲ ಖಾಲಿ, ಆಂಜಿನಮ್ಮ ಒಬ್ಬಳೇ ಹಸಿರು ಸೀರೆಯಲ್ಲಿ ಕೂತಿದ್ದಳು. ನಂದೀಶ ಅವಳ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತ. ಅಷ್ಟು ಗಡ್ಡ ಬಿಟ್ಟ ಡೈರೆಕ್ಟರು, ಪರೀಕ್ಷೆಯಲ್ಲಿ ಫೇಲಾದ ಹುಡುಗನ ಹಾಗೆ ಕಂಡ.

"ಅಜ್ಜೀ, ತಪ್ಪಾಯ್ತು."

ಆಂಜಿನಮ್ಮ ಅವನ ತಲೆಗೊಂದು ಮೊಟಕಿದಳು. "ಮಗೀನ ಹಸಿವು ಯಾಕೋ ಕಿತ್ಕೊಂಡೆ? ಪಿಕ್ಚರ್ ಪೂರ್ತಿ ಒಂದ್ ತುತ್ತು ತಿನ್ನಿಸ್ಲಿಲ್ವಲ್ಲೋ ಪಾಪಿ. ನಿಂಗೆ ನಿಮ್ಮಮ್ಮ ಕತೆ ಹೇಳಿ ಹೇಳಿ ಎಷ್ಟು ತಿನ್ನಿಸ್ತಿದ್ಲು."

ಮುನಿಲಕ್ಷ್ಮಿ ಅವ್ವನ ಮುಂದಕ್ಕೆ ಬಂದಳು. "ಅವ್ವಾ... ನಿಂಗೆ ಗೊತ್ತಿತ್ತಾ?"

"ಕಿವಿ ಮಂದ ಆಗಿದ್ದು ಈಗ ಕಣೇ. ಆಗ ಹಿತ್ತಿಲ ಬಾಗಿಲ ಹಿಂದೆ ನಿಂತ್ಕೊಂಡು ದಿನಾ ಕೇಳ್ತಿದ್ದೆ. ನಾನು ಒಳಕ್ಕೆ ಬಂದ್ರೆ ನೀನು ನಿಲ್ಲಿಸ್ಬಿಡ್ತಿದ್ದೆ. ಅದಕ್ಕೇ ಬರ್ತಿರ್ಲಿಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಕೋದಂಡರಾಮಪ್ಪನ ತಲೆ ಕಾಣಿಸಿತು. "ಟೆಂಪೋ ಹೊರಡ್ತದಂತೆ. ಹಾಲಿನ ಹೊತ್ತಾಯ್ತು."

"ನೀವು ಹೋಗಿ ಹಾಲು ಕರೀರಿ," ಅಂದಳು ಆಂಜಿನಮ್ಮ. "ಈ ಹುಡ್ಗ ನಂಗೆ ಇನ್ನೊಂದು ಆಟಕ್ಕೆ ಟಿಕೆಟ್ ತಗೀತಾನೆ. ನಾನು ಮತ್ತೆ ನೋಡ್ಬೇಕು."

"ಅತ್ತೆಮ್ಮಾ, ಆ ಕೆಂದ ಹಸು ನನ್ನ ಒದೀತದೆ."

"ಒದೀಲಿ."

ಅವನು ಹೋದ. ಮುನಿಲಕ್ಷ್ಮಿ ಅವ್ವನ ಪಕ್ಕ ಕೂತಳು. ಅವಳಿಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. "ಒಂದ್ಸಲ ನೋಡಿದ್ದು ಸಾಲ್ದಾ? ಆ ಸಂಕಟಾನ ಮತ್ತೆ ಯಾಕವ್ವ ನೋಡ್ಬೇಕು?"

"ಮುಖ ನೋಡ್ಬೇಕು."

"ಯಾರ್ದು?"

ಆಂಜಿನಮ್ಮ ಸೆರಗಿನ ಅಂಚು ತೀಡಿದಳು. "ಗಂಗಾಧರನ ಮುಖ ನಂಗೆ ಮರ್ತುಹೋಗೈತೆ ಕಣೇ," ಅಂದಳು.

ಆ ಹೆಸರು ಆ ಬಾಯಲ್ಲಿ ಬಂತು.

"ಈವಾಗಲ್ಲ, ಯಾವಾಗ್ಲೋ ಹೋಯ್ತು. ನೀನು ಲಂಗ ಹಾಕೋ ಹೊತ್ತಿಗೇ ಹೋಗಿತ್ತು. ಒಂದು ಫೋಟೋ ತೆಗೆಸಿರ್ಲಿಲ್ಲ. ಅವನ ನಡಿಗೆ ನೆನಪೈತೆ, ಕೂಗು ನೆನಪೈತೆ. ಮುಖ ಅಂದ್ರೆ ಬರೀ ಕತ್ಲು. ಹೆತ್ತೋಳು ಮಗನ ಮುಖ ಮರ್ತವ್ಳೆ ಅಂತ ಯಾರ್ಗೆ ಹೇಳ್ಲಿ? ಹೆಸ್ರೆತ್ತಿದ್ರೆ, ಹೆಂಗಿದ್ದ ಅಂತ ಯಾರಾದ್ರೂ ಕೇಳ್ತಾರೆ. ಅದಕ್ಕೇ ಸುಮ್ನಿದ್ದೆ."

ನಂದೀಶ ಅಜ್ಜಿಯ ಮಂಡಿಯ ಮೇಲೆ ಹಣೆಯಿಟ್ಟ. ಅವಳು ಅವನ ತಲೆ ಸವರುತ್ತಾ, "ಇವ್ನು ಎಲ್ಲಿಂದ್ಲೋ ಒಂದು ಮುಖ ತಂದವ್ನೆ," ಅಂದಳು. "ಯಾರ ಮಗೀನೋ ಅದು?"

"ಮಾಲೂರಿನೋನು ಅಜ್ಜಿ. ಅಲ್ಲೇ ಸ್ಕೂಲಲ್ಲಿ ಓದ್ತಾನೆ."

"ಚೆನ್ನಾಗಿರ್ಲಿ, ನೂರು ವರ್ಷ ಬಾಳ್ಲಿ. ಕೊನೇಲಿ ಮೇಲಕ್ಕೆ ನೋಡ್ತಾನಲ್ಲ, ಅದನ್ನ ಇನ್ನೊಂದ್ಸಲ ನೋಡಿ ಗಟ್ಟಿ ಮಾಡ್ಕೋಬೇಕು. ಇನ್ಮೇಲೆ ಇದನ್ನೇ ಇಟ್ಕೊಂತೀನಿ." ಮಗಳ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ಮುನೀ, ಅವನು ಹಿಂಗೇ ಇದ್ದ, ಅಲ್ವಾ?"

ಮುನಿಲಕ್ಷ್ಮಿ ತನ್ನೊಳಗೆ ಹುಡುಕಿದಳು. ತನ್ನ ಕೈ ಹಿಡಿದು ಬಿಸಿಲಲ್ಲಿ ದರದರ ಎಳೆದುಕೊಂಡು ಓಡುತ್ತಿದ್ದ ಒಂದು ಕೈ ಇತ್ತು. ಅದರ ಬಿಗಿ ಇತ್ತು, ಬೆವರಿತ್ತು. ಮುಂದೆ ಓಡುವವನ ಬೆನ್ನು ಇತ್ತು. ಅವನು ತಿರುಗಿ ನೋಡಲೇ ಇಲ್ಲ.

"ಹೂಂ ಕಣವ್ವಾ," ಅಂದಳು. "ಥೇಟ್ ಹಿಂಗೇ ಇದ್ದ."

"ಸುಳ್ಳಿ," ಅಂದಳು ಆಂಜಿನಮ್ಮ. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಬೊಚ್ಚುಬಾಯಿ ನಗುತ್ತಿತ್ತು. "ನಿಂಗಾಗ ಐದು ವರ್ಷ ಕಣೇ, ಏನ್ ನೆನಪಿರ್ತದೆ? ಇರ್ಲಿ, ಕೇಳೋಕೆ ಚೆನ್ನಾಗೈತೆ. ಇನ್ನೊಂದ್ಸಲ ಹೇಳು."

ಮುನಿಲಕ್ಷ್ಮಿ ಇನ್ನೊಂದು ಸಲ ಹೇಳಿದಳು.